ಓಟಗಾರ, ಬೀದಿನಾಯಿ ಮತ್ತು ಬೇಲಿಯ ರಾಜಕಾರಣ

ಕ್ವಾಲಾಲಂಪುರದ ಗಡಿಯಾರ ಬೆಳಗಿನ ಆರೂವರೆ ತೋರಿಸುವಾಗಲೂ ಆ ಊರಿನ ಬೀದಿಗಳಲ್ಲಿ ಕತ್ತಲೆ ಪೂರ್ತಿ ಹರಿದಿರುವುದಿಲ್ಲ. 1982ರ ಜನವರಿ 1ರಂದು ಮಲೇಷ್ಯಾದ ಪರ್ಯಾಯ ದ್ವೀಪ ಭಾಗದ ಗಡಿಯಾರಗಳನ್ನು ಅರ್ಧ ಗಂಟೆ ಮುಂದಕ್ಕೆ ಸರಿಸಿ, ಕಡಲಾಚೆಯ ಸಬಾ ಮತ್ತು ಸರವಾಕ್ ರಾಜ್ಯಗಳ ವೇಳೆಗೆ ಹೊಂದಿಸಲಾಯಿತು. ಅಂದಿನಿಂದ ಅಲ್ಲಿ ಸೂರ್ಯೋದಯವೆಂದರೆ ಏಳು ಗಂಟೆಯ ಆಸುಪಾಸು. ಬಿಸಿಲೇರಿದ ಮೇಲೆ ಓಡಲು ಬಾರದ ಆ ಹವೆಯಲ್ಲಿ, ಕೆಲಸಕ್ಕೆ ಹೋಗುವ ಮುನ್ನ ನಾಲ್ಕಾರು ಕಿಲೋಮೀಟರ್ ಓಡಬಯಸುವವರು ಕತ್ತಲೆಯಲ್ಲೇ ಮನೆ ಬಿಡಬೇಕು. ಬೀದಿನಾಯಿಗಳು ಹಿಂಡುಗಟ್ಟಿಕೊಂಡು ಆಹಾರ ಅರಸುವುದೂ ವಾಹನಗಳು ವಿರಳವಾಗಿರುವ ಅದೇ ಹೊತ್ತಿನಲ್ಲಿ. ಓಡುವ ಮನುಷ್ಯನೂ ಅಟ್ಟುವ ನಾಯಿಯೂ ಎದುರಾಗುವುದು ಹೀಗೆ.

ಮಲೇಷ್ಯಾದಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆ ದೊಡ್ಡದಲ್ಲ. ಮಾಹಿತಿ ತಂತ್ರಜ್ಞಾನ, ಬ್ಯಾಂಕಿಂಗ್, ಎಲೆಕ್ಟ್ರಾನಿಕ್ಸ್ ಉದ್ಯಮಗಳ ಬೆನ್ನು ಹತ್ತಿ ಕ್ವಾಲಾಲಂಪುರಕ್ಕೂ ಪೆನಾಂಗ್‌ಗೂ ಹೋದವರು ಅವರಲ್ಲಿ ಅನೇಕರು. ನಡುವಯಸ್ಸಿಗೆ ಕಾಲಿಡುತ್ತಲೇ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಎಚ್ಚರಿಕೆ ಕೇಳಿಸಿಕೊಂಡು ಓಟಕ್ಕಿಳಿದವರೂ ಅವರ ನಡುವೆ ಇದ್ದಾರೆ. ನಾಯಿ ಅಟ್ಟಿಸಿಕೊಂಡು ಬಂತೆಂಬ ಮಾತು ಬಂದಾಗಲೆಲ್ಲ ಅವರಿಗೆ ಸಿಗುವ ಸಲಹೆಗಳು ಎರಡೇ. ಒಂದು, ಬೊಗಳುವ ನಾಯಿ ಕಚ್ಚುವುದಿಲ್ಲ, ಹೆದರಬೇಡಿ. ಇನ್ನೊಂದು, ಹೊರಗೆ ಓಡುವುದನ್ನೇ ಬಿಡಿ, ಕಾಂಪೌಂಡಿನ ಒಳಗೆ ಸುತ್ತು ಹಾಕಿ. ಮೊದಲನೆಯದು ಅಪಾಯಕಾರಿ ಸುಳ್ಳು. ಎರಡನೆಯದು ಸುರಕ್ಷಿತವೆಂದು ತೋರುವ ಸ್ವಾರ್ಥ. ನಾಯಿಯ ಎದುರು ಓಟಗಾರನ ದೇಹ ಏನು ಮಾಡಬೇಕು ಎಂಬುದಕ್ಕೆ ಸ್ಪಷ್ಟವಾದ ಉತ್ತರವಿದೆ. ಆದರೆ ಓಟಗಾರನ ಸುರಕ್ಷತೆಯನ್ನು ಕೊನೆಗೂ ನಿರ್ಧರಿಸುವುದು ಅವನ ದೇಹವಲ್ಲ, ಬೀದಿಯನ್ನು ನಡೆಸುವ ವ್ಯವಸ್ಥೆ. ಈ ಎರಡು ಮಾತುಗಳನ್ನು ಒಟ್ಟಿಗೇ ಹೇಳಬೇಕಾಗಿದೆ.

ಮೊದಲು ದೇಹದ ಮಾತು. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಓಡುವ ಹವ್ಯಾಸಿ ಓಟಗಾರ ಯಾವ ನಾಯಿಯನ್ನೂ ಹಿಂದೆ ಹಾಕಲಾರ. ಸಾಧಾರಣ ಬೀದಿನಾಯಿಯೂ ಅದರ ಎರಡು, ಮೂರು ಪಟ್ಟು ವೇಗವನ್ನು ಸಲೀಸಾಗಿ ಮುಟ್ಟುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಓಡುವ ಆಕೃತಿಯೇ ನಾಯಿಯನ್ನು ಕೆರಳಿಸುತ್ತದೆ. ದೂರ ಸರಿಯುತ್ತಿರುವುದನ್ನು ಬೆನ್ನಟ್ಟುವುದು ಬೇಟೆಯ ಪ್ರಾಣಿಯ ಹುಟ್ಟುಗುಣ. ಸಾವಿರಾರು ವರ್ಷ ಮನುಷ್ಯನ ಒಡನಾಟದಲ್ಲಿ ಬಾಳಿದರೂ ನಾಯಿ ಅದನ್ನು ಮರೆತಿಲ್ಲ. ಆದ್ದರಿಂದ ನಾಯಿ ಹಿಂದೆ ಬಿದ್ದೊಡನೆ ಮಾಡಬೇಕಾದ ಮೊದಲ ಕೆಲಸ ಓಟ ನಿಲ್ಲಿಸುವುದು. ಇದು ಹೇಳಿದಷ್ಟು ಸುಲಭವಲ್ಲ. ಹೆದರಿದ ಕಾಲುಗಳು ತಮ್ಮಷ್ಟಕ್ಕೆ ತಾವು ಓಡುತ್ತವೆ. ಹಾಗಾಗಿಯೇ ಇದನ್ನು ಮನಸ್ಸಿನಲ್ಲಿ ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು.

ನಿಂತ ಮೇಲೆ ನಾಯಿಗೆ ಎದೆಗೊಟ್ಟು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಬೇಕು. ಅದರ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬಾರದು. ನಾಯಿಗಳ ನಡುವೆ ಅದು ಸವಾಲು. ಹಾಗೆಂದು ಬೆನ್ನು ತಿರುಗಿಸಲೂಬಾರದು. ಕೈಗಳನ್ನು ಬೀಸದೆ, ಚೀರದೆ, ಗಟ್ಟಿಯಾದ ತಗ್ಗುದನಿಯಲ್ಲಿ ಗದರಿಸಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯಬೇಕು. ನಾಯಿಗೂ ಮೈಗೂ ನಡುವೆ ಏನನ್ನಾದರೂ ತರುವುದು ಒಳ್ಳೆಯದು: ನಿಂತ ಕಾರು, ಗಿಡದ ಸಾಲು, ಬೆನ್ನಚೀಲ, ಮಡಿಸಿದ ಕೊಡೆ, ನೀರಿನ ಬಾಟಲಿ. ಯಾವ ಗಳಿಗೆಯಲ್ಲಿ ಬೇಕಾದರೂ ಮಳೆ ಸುರಿಯುವ ಮಲೇಷ್ಯಾದಲ್ಲಿ ಸಣ್ಣ ಕೊಡೆ ಹಿಡಿದು ಹೊರಟರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನಾಯಿ ಕಚ್ಚಲೇಬೇಕೆಂದು ನುಗ್ಗಿದರೆ ಚೀಲವನ್ನೋ ಕೊಡೆಯನ್ನೋ ಅದರ ಬಾಯಿಗೆ ಒಡ್ಡುವುದು ಕೈಯನ್ನು ಒಡ್ಡುವುದಕ್ಕಿಂತ ಮೇಲು. ನೆಲಕ್ಕೆ ಬಿದ್ದವರು ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು ಮುದುಡಿ, ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿ, ಕುತ್ತಿಗೆ ಮತ್ತು ಕಿವಿಗಳನ್ನು ತೋಳುಗಳಿಂದ ಕಾಪಾಡಿಕೊಂಡು ಅಲುಗಾಡದೆ ಇರಬೇಕು. ಖಾರದ ಪುಡಿಯ ಸ್ಪ್ರೇ, ಬಡಿಗೆ ಇತ್ಯಾದಿಗಳನ್ನು ಹೊತ್ತು ಹೊರಡುವ ಮುನ್ನ ಆಯಾ ದೇಶದ ಕಾನೂನು ಅವುಗಳನ್ನು ಆಯುಧವೆಂದು ಎಣಿಸುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ವಿವೇಕ. ಅನ್ಯದೇಶದಲ್ಲಿ ವೀಸಾದ ಮೇಲೆ ಬದುಕುವವರಿಗೆ ಪೊಲೀಸ್ ಠಾಣೆಯ ಮೆಟ್ಟಿಲು ನಾಯಿಗಿಂತ ದೊಡ್ಡ ಅಪಾಯವಾಗಬಹುದು.

ಆದರೆ ಜಾಣತನವಿರುವುದು ಆ ಗಳಿಗೆ ಬಾರದಂತೆ ನೋಡಿಕೊಳ್ಳುವುದರಲ್ಲಿ. ಎರಡೂ ಕಿವಿಗಳಿಗೆ ಹಾಡು ತುಂಬಿಕೊಂಡು ಓಡುವವರಿಗೆ ಗುರುಗುಟ್ಟುವ ಸದ್ದು ಕೇಳಿಸುವುದಿಲ್ಲ; ಆ ಗುರುಗುಟ್ಟುವಿಕೆಯೇ ನಾಯಿ ಕೊಡುವ ಮೊದಲ ಎಚ್ಚರಿಕೆ. ಕಸದ ತೊಟ್ಟಿ, ಬೀದಿಬದಿಯ ತಿಂಡಿ ಅಂಗಡಿಗಳ ಹಿತ್ತಲು, ಯಾರೋ ದಿನವೂ ಅನ್ನ ಹಾಕುವ ಮೂಲೆ, ಮರಿ ಹಾಕಿದ ತಾಯಿನಾಯಿಯ ಬಿಡಾರ, ಇವನ್ನೆಲ್ಲ ಹಗಲಿನಲ್ಲಿ ಗುರುತಿಸಿಟ್ಟುಕೊಂಡು ಕತ್ತಲೆಯಲ್ಲಿ ಬಳಸುದಾರಿ ಹಿಡಿಯಬೇಕು. ತೆರೆದ ಗೇಟಿನ ಮುಂದೆ ರಸ್ತೆಯ ಆಚೆ ಬದಿಗೆ ದಾಟಿ ಹೋಗಬೇಕು. ಮಲಗಿದ ನಾಯಿಯ ಪಕ್ಕದಲ್ಲಿ ಹಿಂದಿನಿಂದ ದಡದಡನೆ ಓಡಿ ಅದನ್ನು ಬೆಚ್ಚಿಬೀಳಿಸುವ ಬದಲು ಹತ್ತು ಹೆಜ್ಜೆ ನಡೆದೇ ದಾಟಬಹುದು. ಒಂಟಿ ನಾಯಿಗಿಂತ ಹಿಂಡು ಬೇರೆಯದೇ ಪ್ರಾಣಿ. ಒಂದು ಬೊಗಳಿದರೆ ಉಳಿದವು ಸೇರಿಕೊಳ್ಳುತ್ತವೆ, ಹಿಂದಿನಿಂದ ಬಂದದ್ದು ಮೊದಲು ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಬಾಯಬಡಾಯಿಯ ಮನುಷ್ಯರ ಬಗ್ಗೆ ಹೇಳಿದ್ದು. ಅದನ್ನು ನಾಯಿಗಳ ಬಗೆಗಿನ ತಿಳಿವಳಿಕೆಯೆಂದು ನಂಬಿದವರ ಮೀನಖಂಡ ಅದರ ಬೆಲೆ ತೆರುತ್ತದೆ.

ಕಚ್ಚಿದ ಮೇಲೆ ಮಾಡಬೇಕಾದುದನ್ನು ಭಾರತದಿಂದ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ ಎನಿಸಬಹುದು. ಆದರೂ ಹೇಳಲೇಬೇಕಾದ ಕಾರಣವಿದೆ. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚುವುದು, ಗಾಯ ಚಿಕ್ಕದೆಂದು ಸುಮ್ಮನಾಗುವುದು ಎರಡೂ ತಪ್ಪು. ಅದೇ ದಿನ ವೈದ್ಯರನ್ನು ಕಂಡು ಲಸಿಕೆ ಆರಂಭಿಸಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ, ಅಥವಾ ಹರಿದ ಚರ್ಮವನ್ನು ನಾಯಿ ನೆಕ್ಕಿದ್ದರೆ, ಲಸಿಕೆಯ ಜೊತೆಗೆ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಗಾಯದ ಸುತ್ತ ಹಾಕಬೇಕಾಗುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ; ಅದಕ್ಕೆ ಮುಂಚೆ ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ಬಹುತೇಕ ಎಲ್ಲರೂ ಉಳಿಯುತ್ತಾರೆ. ಇಷ್ಟು ಕಡಿಮೆ ವಿದ್ಯೆಯಿಂದ ಇಷ್ಟು ಖಚಿತವಾಗಿ ತಪ್ಪಿಸಬಹುದಾದ ಸಾವು ಇನ್ನೊಂದಿಲ್ಲ.

ಮಲೇಷ್ಯಾದಲ್ಲಿ ಈ ತಿಳಿವಳಿಕೆ ಮಸುಕಾಗಲು ಆ ದೇಶದ ಯಶಸ್ಸೇ ಕಾರಣ. 1950ರ ದಶಕದಲ್ಲಿ ಮಲಯದಲ್ಲಿ ರೇಬೀಸ್ ಹಬ್ಬಿದಾಗ ಅಂದಿನ ಆಡಳಿತ ಥಾಯ್ಲೆಂಡ್ ಗಡಿಯುದ್ದಕ್ಕೂ ಲಸಿಕೆ ಹಾಕಿದ ನಾಯಿಗಳ ಒಂದು ರಕ್ಷಣಾ ಪಟ್ಟಿಯನ್ನೇ ನಿರ್ಮಿಸಿತು. ಅನೇಕ ಕಿಲೋಮೀಟರ್ ಅಗಲದ ಆ ಪಟ್ಟಿಯಲ್ಲಿ ನಾಯಿಗಳಿಗೆ ವರ್ಷ ವರ್ಷವೂ ಲಸಿಕೆ ಹಾಕುವ ಕೆಲಸ ದಶಕಗಳ ಕಾಲ ನಡೆಯಿತು. 2012ರಲ್ಲಿ ಮಲೇಷ್ಯಾ ರೇಬೀಸ್‌ಮುಕ್ತ ದೇಶವೆಂಬ ಮನ್ನಣೆ ಪಡೆಯಿತು. ಮೂರೇ ವರ್ಷಗಳಲ್ಲಿ, 2015ರಲ್ಲಿ, ಪೆರ್ಲಿಸ್, ಕೆಡಾ ಮತ್ತು ಪೆನಾಂಗ್ ರಾಜ್ಯಗಳ ನಾಯಿಗಳಲ್ಲಿ ರೋಗ ಮತ್ತೆ ಕಾಣಿಸಿಕೊಂಡಿತು. 2017ರ ಜುಲೈನಲ್ಲಿ ಬೋರ್ನಿಯೋ ದ್ವೀಪದ ಸರವಾಕ್ ರಾಜ್ಯದಲ್ಲಿ, ಇಂಡೊನೇಷ್ಯಾದ ಗಡಿಗೆ ಹೊಂದಿದ ಸೆರಿಯಾನ್ ಪ್ರದೇಶದಲ್ಲಿ, ಅದು ಮನುಷ್ಯರ ಪ್ರಾಣ ತೆಗೆಯತೊಡಗಿತು. ಮೊದಲು ಸತ್ತವರು ಹಳ್ಳಿಯ ಮಕ್ಕಳು. ಅಂದಿನಿಂದ ಸರವಾಕ್‌ನಲ್ಲಿ ಐವತ್ತಕ್ಕೂ ಹೆಚ್ಚು ಜನ ರೇಬೀಸ್‌ನಿಂದ ಸತ್ತಿದ್ದಾರೆ.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ನಾಯಿಗಳಿಗೆ ಪಟ್ಟುಬಿಡದೆ ಲಸಿಕೆ ಹಾಕಿದರೆ ಒಂದು ಇಡೀ ದೇಶದ ಬೀದಿಯಿಂದ ಸಾವಿನ ಭಯವನ್ನು ತೊಡೆಯಬಹುದು ಎಂಬುದು ಒಂದು. ಗೆದ್ದಾಯಿತೆಂದು ಕೈ ಸಡಿಲಿಸಿದರೆ ಅದು ಮರಳುತ್ತದೆ, ಮತ್ತು ಮೊದಲು ಬಡವರ ಮನೆಗೆ ಹೋಗುತ್ತದೆ ಎಂಬುದು ಇನ್ನೊಂದು. ಭಾರತದಲ್ಲಿ ಹುಟ್ಟಿ ಬೆಳೆದವರ ಮನಸ್ಸಿನಲ್ಲಿ ಹುಚ್ಚುನಾಯಿಯ ಭಯ ಇನ್ನೂ ಆರಿಲ್ಲ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 59,000 ಜನ ಈ ರೋಗಕ್ಕೆ ಬಲಿಯಾಗುತ್ತಾರೆ. ಅದರಲ್ಲಿ ಮೂರನೆಯ ಒಂದು ಭಾಗ ಭಾರತದ್ದು ಎಂಬ ಅಂದಾಜಿದೆ. ಪಕ್ಕದ ಮನೆಯವರಿಗೆ, ಮನೆಗೆಲಸಕ್ಕೆ ಬರುವವರಿಗೆ, ಕಾಂಪೌಂಡಿನ ಕಾವಲುಗಾರನಿಗೆ ಆ ತಿಳಿವಳಿಕೆಯನ್ನು ದಾಟಿಸುವುದು ಅನಿವಾಸಿ ಕನ್ನಡಿಗರು ಆ ನಾಡಿಗೆ ಕೊಡಬಹುದಾದ ಪುಟ್ಟ, ಆದರೆ ನಿಜವಾದ ಕೊಡುಗೆ. ಅದರಲ್ಲೂ ವಿದೇಶಿ ಕಾರ್ಮಿಕರಿಗೆ ಅದು ತಲುಪಬೇಕು. ಮಲೇಷ್ಯಾದ ಸರ್ಕಾರಿ ಆಸ್ಪತ್ರೆಗಳಲ್ಲಿ ವಿದೇಶಿಯರಿಗೆ ಶುಲ್ಕ ಹೆಚ್ಚು. ದಿನಗೂಲಿಯಲ್ಲಿ ಬದುಕುವ ಬಾಂಗ್ಲಾದೇಶದ ಅಥವಾ ನೇಪಾಳದ ಯುವಕ ಕಣಕಾಲಿನ ಗಾಯವನ್ನು ಬಟ್ಟೆ ಸುತ್ತಿ ಮರೆಯುವುದಕ್ಕೆ ಅಜ್ಞಾನಕ್ಕಿಂತ ಬಿಲ್ಲಿನ ಭಯವೇ ದೊಡ್ಡ ಕಾರಣವಾಗಬಲ್ಲುದು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಓಟಗಾರನನ್ನು ಅಟ್ಟುವ ಈ ನಾಯಿ ಬಂದದ್ದು ಎಲ್ಲಿಂದ?

ಒಂದು ಬಗೆಯ ನಾಯಿ ಬರುವುದು ಮನೆಯೊಳಗಿಂದ. 2012ರಲ್ಲಿ ಕ್ವಾಲಾಲಂಪುರದ ಪಕ್ಕದ ಸುಬಾಂಗ್ ಜಯಾದಲ್ಲಿ, ಎಪ್ಪತ್ತು ದಾಟಿದ ಒಬ್ಬ ವೃದ್ಧರು ತಮ್ಮ ಬಡಾವಣೆಯಲ್ಲೇ ಬೆಳಗಿನ ಓಟಕ್ಕೆ ಹೊರಟಿದ್ದಾಗ ಸಾಕುನಾಯಿಯೊಂದು ಮೇಲೆರಗಿ ಅವರನ್ನು ಕೊಂದಿತು. ಅದು ಪಿಟ್ ಬುಲ್ ತಳಿಯದೆಂದು ವರದಿಯಾಗಿತ್ತು. ಪಿಟ್ ಬುಲ್, ಜಪಾನಿನ ತೋಸಾ, ಅಕಿತಾ ಮೊದಲಾದ ತಳಿಗಳ ಆಮದನ್ನು ಮಲೇಷ್ಯಾ ನಿಷೇಧಿಸಿದೆ. ಸ್ಥಳೀಯ ಸಂಸ್ಥೆಗಳು ನಾಯಿ ಸಾಕುವುದಕ್ಕೆ ಪರವಾನಗಿ ಕಡ್ಡಾಯ ಮಾಡಿವೆ. ಪ್ರಾಣಿಯನ್ನು ಅಜಾಗರೂಕತೆಯಿಂದ ಇಟ್ಟುಕೊಂಡು ಇತರರ ಜೀವಕ್ಕೆ ಅಪಾಯ ತರುವುದು ಅಲ್ಲಿನ ದಂಡ ಸಂಹಿತೆಯ 289ನೇ ಕಲಮಿನ ಪ್ರಕಾರ ಅಪರಾಧ. ಭಾರತೀಯ ದಂಡ ಸಂಹಿತೆಯಲ್ಲೂ ಆ ಅಪರಾಧದ ಕಲಮಿನ ಸಂಖ್ಯೆ 289 ಆಗಿತ್ತು. ಎರಡೂ ದೇಶಗಳಿಗೆ ಒಂದೇ ವಸಾಹತು ಆಡಳಿತ ಬಿಟ್ಟುಹೋದ ಕಾನೂನು ಅದು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 291 ಆಗಿದೆ. ಕಾನೂನು ಇದೆ, ಪರವಾನಗಿ ಇದೆ, ತಳಿಗಳ ಪಟ್ಟಿಯೂ ಇದೆ. ಆದರೆ ಗೇಟಿನ ಚಿಲಕ ಹಾಕುವುದು ಮಾಲೀಕನ ಕೈಯಲ್ಲಿದೆ. ಚಿಲಕ ಹಾಕದ ಮಾಲೀಕನನ್ನು ನಾಯಿ ಕಚ್ಚುವ ಮೊದಲೇ ಪ್ರಶ್ನಿಸುವ ಅಭ್ಯಾಸ ಎರಡೂ ದೇಶಗಳ ಪಟ್ಟಣಗಳಲ್ಲಿ ಬೆಳೆದಿಲ್ಲ. ಕಾಂಪೌಂಡು ಕಾಯಲೆಂದೇ ಸರಪಳಿಯಲ್ಲಿ ಕಟ್ಟಿಹಾಕಿ, ಸ್ನೇಹವಿಲ್ಲದೆ ಸಾಕಿದ ನಾಯಿ ಒಂದು ದಿನ ಸರಪಳಿ ಕಳಚಿಕೊಂಡಾಗ ಏನಾಗಬಹುದೆಂಬುದು ಯಾರಿಗೂ ತಿಳಿಯದ್ದಲ್ಲ.

ಇನ್ನೊಂದು ಬಗೆಯ ನಾಯಿ ಬರುವುದು ಕಟ್ಟಡಗಳಿಂದ. ಮಲೇಷ್ಯಾದ ನಿರ್ಮಾಣ ಸ್ಥಳಗಳಲ್ಲಿ ಕಬ್ಬಿಣ, ಸಿಮೆಂಟು ಕಾಯಲು ನಾಯಿಗಳನ್ನು ಇಟ್ಟುಕೊಳ್ಳುವ ರೂಢಿ ಇದೆ. ಕಾರ್ಮಿಕರ ಊಟದಲ್ಲಿ ಮಿಕ್ಕದ್ದು ಅವುಗಳ ಸಂಬಳ. ಅವುಗಳಿಗೆ ಲಸಿಕೆಯಾಗಲಿ, ಸಂತಾನಹರಣ ಚಿಕಿತ್ಸೆಯಾಗಲಿ ಮಾಡಿಸುವವರು ವಿರಳ. ಎರಡು ಮೂರು ವರ್ಷಗಳಲ್ಲಿ ಕಟ್ಟಡ ಮುಗಿಯುತ್ತದೆ. ಗುತ್ತಿಗೆದಾರ ಸಲಕರಣೆಗಳನ್ನು ಸಾಗಿಸುತ್ತಾನೆ, ಕಾರ್ಮಿಕರು ಬೇರೆ ಕಡೆಗೆ ಹೋಗುತ್ತಾರೆ. ನಾಯಿಗಳು, ಅಷ್ಟರಲ್ಲಿ ಹುಟ್ಟಿದ ಮರಿಗಳ ಸಮೇತ, ಅಲ್ಲೇ ಉಳಿಯುತ್ತವೆ. ಹೊಸ ಕಾಂಡೋಮಿನಿಯಂಗೆ ಬಂದು ಸೇರಿದ ನಿವಾಸಿ ಬೆಳಗಿನ ಓಟಕ್ಕೆ ಇಳಿದಾಗ ಗುರುಗುಟ್ಟುವ ನಾಯಿ, ಅವನ ಮನೆಯನ್ನು ಕಟ್ಟುವಾಗ ಕಾವಲಿದ್ದ ನಾಯಿಯೇ ಇರಬಹುದು. ಅಪರಿಚಿತರನ್ನು ಕಂಡರೆ ಬೊಗಳುವುದನ್ನು ಅದಕ್ಕೆ ಕಲಿಸಲಾಗಿತ್ತು. ಕೆಲಸ ಮುಗಿದಿದೆಯೆಂದು ಅದಕ್ಕೆ ಯಾರೂ ಹೇಳಿಲ್ಲ. ಬೆಂಗಳೂರಿನ ಹೊರವಲಯದ ಬಡಾವಣೆಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ.

ನಾಯಿಯ ಮೂಲ ಹೀಗೆ ಮನುಷ್ಯನ ವ್ಯವಹಾರದಲ್ಲಿರುವಾಗ, ಪರಿಹಾರವನ್ನು ಮಾತ್ರ ನಾಯಿಯ ಸಾವಿನಲ್ಲಿ ಹುಡುಕುವುದು ಹಳೆಯ ಚಾಳಿ. 2009ರಲ್ಲಿ ಕ್ಲಾಂಗ್ ಬಂದರಿನ ಸಮೀಪದ ಪುಲಾವ್ ಕೆಟಾಮ್ ದ್ವೀಪದ ನಿವಾಸಿಗಳು ಬೀದಿನಾಯಿಗಳ ಕಾಟ ತಾಳಲಾರದೆ ನೂರಾರು ನಾಯಿಗಳನ್ನು ಹಿಡಿದು, ಮನುಷ್ಯರಿಲ್ಲದ ಕಾಂಡ್ಲಾ ಕಾಡಿನ ನಡುಗಡ್ಡೆಗಳಲ್ಲಿ ಬಿಟ್ಟು ಬಂದರು. ಆಹಾರವಿಲ್ಲದೆ ಅವು ಒಂದನ್ನೊಂದು ತಿಂದ ಸುದ್ದಿ ಜಗತ್ತಿನ ತುಂಬ ಹರಡಿತು. 2015ರಲ್ಲಿ ರೇಬೀಸ್ ಮರಳಿದಾಗ ಪೆನಾಂಗ್ ರಾಜ್ಯ ಸರ್ಕಾರ ಬೀದಿನಾಯಿಗಳ ಸಾಮೂಹಿಕ ಹತ್ಯೆಗೆ ಮುಂದಾಗಿ ದೇಶವಿದೇಶಗಳಲ್ಲಿ ಟೀಕೆಗೆ ಗುರಿಯಾಯಿತು. 2024ರ ಅಕ್ಟೋಬರಿನಲ್ಲಿ ತೆರೆಂಗಾನು ರಾಜ್ಯದ ಬೆಸುಟ್‌ನಲ್ಲಿ, ಊರವರಿಗೆ ಅಚ್ಚುಮೆಚ್ಚಾಗಿದ್ದ ‘ಕೋಪಿ’ ಎಂಬ ಬೀದಿನಾಯಿ ಗುಂಡೇಟಿಗೆ ಬಲಿಯಾದಾಗ ಮಲೇಷ್ಯಾದ ಉದ್ದಗಲಕ್ಕೂ ಜನ ಸಿಟ್ಟಿಗೆದ್ದರು.

ಕರುಣೆಯ ಪ್ರಶ್ನೆಯನ್ನು ಬದಿಗಿಟ್ಟು ಲೆಕ್ಕದ ಮಾತನ್ನೇ ಆಡಿದರೂ ಕೊಲ್ಲುವುದು ಫಲ ಕೊಡುವುದಿಲ್ಲ. ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ 2008ರಲ್ಲಿ ರೇಬೀಸ್ ಕಾಲಿಟ್ಟಾಗ ಲಕ್ಷಗಟ್ಟಲೆ ನಾಯಿಗಳಿರುವ ಆ ದ್ವೀಪದಲ್ಲಿ ಮೊದಲು ಹಿಡಿದದ್ದು ವಿಷದ ದಾರಿ. ರೋಗ ಹಬ್ಬುತ್ತಲೇ ಹೋಯಿತು. ಕೊಂದ ನಾಯಿಗಳ ಜಾಗಕ್ಕೆ ಹೊಸ ಮರಿಗಳು, ಲಸಿಕೆಯಿಲ್ಲದ ನಾಯಿಗಳು ಬಂದವು. ಕೆಲವೊಮ್ಮೆ ಲಸಿಕೆ ಹಾಕಿಸಿಕೊಂಡಿದ್ದ ನಾಯಿಗಳೇ ಸತ್ತವು. 2010ರಲ್ಲಿ ದ್ವೀಪದಾದ್ಯಂತ ಸಾಮೂಹಿಕ ಲಸಿಕೆ ಆರಂಭಿಸಿದ ಮೇಲಷ್ಟೇ ಸಾವುಗಳು ಇಳಿಮುಖವಾದವು. ನಾಯಿಗಳಲ್ಲಿ ಶೇಕಡ 70ರಷ್ಟಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ಸಾರ್ವಜನಿಕ ಆರೋಗ್ಯದಲ್ಲಿ ಸ್ಥಿರಗೊಂಡ ಸೂತ್ರ. ಓಟಗಾರನಿಗೂ ಇದರಿಂದ ಲಾಭವಿದೆ. ಸಂತಾನಹರಣವಾದ ನಾಯಿಗಳು ಮರಿಗಳಿಗಾಗಿ, ಜೋಡಿಗಾಗಿ ಕಾದಾಡುವುದು ಕಡಿಮೆ. ಒಂದೇ ಬೀದಿಯಲ್ಲಿ ನೆಲೆನಿಂತ ಹಿಂಡು ದಿನವೂ ಕಾಣುವ ಮುಖಗಳಿಗೆ ಒಗ್ಗಿಕೊಳ್ಳುತ್ತದೆ. ಇದ್ದ ಹಿಂಡನ್ನು ಒಯ್ದರೆ ಅದರ ಜಾಗಕ್ಕೆ ಬರುವುದು ಯಾರನ್ನೂ ಅರಿಯದ ಇನ್ನೊಂದು ಹಿಂಡು.

ಹಾಗೆಂದು ನಾಯಿಗಳ ಪರ ಮಾತಾಡುವವರೆಲ್ಲ ಸರಿಯೆಂದಲ್ಲ. ಕಾರಿನಲ್ಲಿ ಬಂದು ಮೂಲೆಯಲ್ಲಿ ಅನ್ನ ಸುರಿದು ಹೋಗುವವರನ್ನು ನಾಯಿ ಅಟ್ಟುವುದಿಲ್ಲ. ಆ ಮೂಲೆಯಿಂದ ನಡೆದೇ ಹೋಗಬೇಕಾದ ಹೂ ಮಾರುವವಳನ್ನು, ಶಾಲೆಯ ಮಗುವನ್ನು ಅಟ್ಟುತ್ತದೆ. ಕಚ್ಚಿಸಿಕೊಂಡವರ ಭಯವನ್ನು ಪ್ರಾಣಿದ್ವೇಷವೆಂದು ಹೀಯಾಳಿಸುವುದು ಅನ್ಯಾಯ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ವಸತಿ ಪ್ರದೇಶದಲ್ಲಿ ಬೆಳಗಿನ ನಡಿಗೆಗೆ ಹೊರಟ ವೃದ್ಧೆಯೊಬ್ಬರನ್ನು ನಾಯಿಗಳ ಹಿಂಡು ಕೊಂದಿತು. 2025ರ ಜುಲೈನಲ್ಲಿ ಕೊಡಿಗೇಹಳ್ಳಿಯಲ್ಲಿ ನಸುಕಿಗೂ ಮುನ್ನ ಮನೆಯಿಂದ ಹೊರಬಂದ ಎಪ್ಪತ್ತರ ವೃದ್ಧರೊಬ್ಬರು ಅದೇ ರೀತಿ ಸತ್ತರು. ಅದೇ ತಿಂಗಳು ಬೀದಿನಾಯಿಗಳಿಗೆ ಕೋಳಿ ಮಾಂಸ ಬೆರೆಸಿದ ಅನ್ನ ಹಾಕುವ 2.88 ಕೋಟಿ ರೂಪಾಯಿಯ ಪಾಲಿಕೆಯ ಯೋಜನೆ ನಗೆಪಾಟಲಾಗಿತ್ತು. ಹಸಿದ ನಾಯಿ ಹೆಚ್ಚು ಕೆರಳುತ್ತದೆ ಎಂಬ ಅದರ ತರ್ಕದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಸತ್ತವರ ಮನೆಯವರ ಮುಂದೆ ಆ ತರ್ಕ ಹೇಳಲು ಯಾರಿಗೂ ಬಾಯಿ ಬರಲಾರದು. ಪದೇ ಪದೇ ಕಚ್ಚಿದ, ರೋಗದ ಶಂಕೆಯಿರುವ ನಾಯಿಯನ್ನು ಬೀದಿಯಿಂದ ಒಯ್ಯಲೇಬೇಕು. 2025ರ ಆಗಸ್ಟ್ 11ರಂದು ದೆಹಲಿಯ ಎಲ್ಲ ಬೀದಿನಾಯಿಗಳನ್ನೂ ಒಯ್ಯಿರೆಂದ ಸುಪ್ರೀಂ ಕೋರ್ಟ್, ಅದೇ ತಿಂಗಳ 22ರಂದು ತನ್ನ ಆದೇಶವನ್ನು ಮಾರ್ಪಡಿಸಿತು. ಲಸಿಕೆ ಮತ್ತು ಸಂತಾನಹರಣದ ನಂತರ ನಾಯಿಗಳನ್ನು ಮರಳಿ ಬಿಡಿ, ಆಕ್ರಮಣಕಾರಿಯಾದವನ್ನೂ ರೇಬೀಸ್ ಶಂಕೆಯುಳ್ಳವನ್ನೂ ಬಿಡಬೇಡಿ ಎಂಬುದು ಆ ತಿದ್ದುಪಡಿಯ ಸಾರ. ತತ್ತ್ವವಾಗಿ ಅದು ಸರಿ. ಅದನ್ನು ಮಾಡಿ ತೋರಿಸುವ ಹಣ, ವೈದ್ಯರು ಮತ್ತು ಜಾಗ ಯಾವ ಪಾಲಿಕೆಯ ಬಳಿ ಎಷ್ಟಿದೆ ಎಂಬುದೇ ನಿಜವಾದ ಪ್ರಶ್ನೆ. ಬೆಂಗಳೂರಿನ ಪಾಲಿಕೆಯ ಗಣತಿಯಂತೆ 2019ರಲ್ಲಿ 3.1 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಕೆಲಸ ನಡೆದರೆ ಫಲ ಉಂಟು. ಆದರೆ ಅದರ ವೇಗ ಜನರ ಭಯದ ವೇಗಕ್ಕೆ ಸಾಟಿಯಾಗಿಲ್ಲ.

ಮಲೇಷ್ಯಾದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಡಿಕೆ ಇದೆ. ಅಲ್ಲಿನ ಮಲಯ ಮುಸ್ಲಿಮರು ಅನುಸರಿಸುವ ಶಾಫಿ ಪಂಥದಲ್ಲಿ ನಾಯಿಯ ಜೊಲ್ಲು ಅಶುದ್ಧ. ತಗುಲಿದರೆ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಿಂದ, ತೊಳೆಯಬೇಕು. ನಾಯಿ ಸಾಕುವವರು ಹೆಚ್ಚಾಗಿ ಚೀನೀ ಮತ್ತು ಭಾರತೀಯ ಮೂಲದವರು. ಹಾಗಾಗಿ ಉದ್ಯಾನದಲ್ಲಿ ನಾಯಿಯ ಹಗ್ಗ ಸಡಿಲಾದ ಸಣ್ಣ ಸಂಗತಿಯೂ ಕ್ಷಣದಲ್ಲಿ ಜನಾಂಗಗಳ ಜಗಳದ ಬಣ್ಣ ಪಡೆಯಬಲ್ಲುದು. 2014ರ ಅಕ್ಟೋಬರಿನಲ್ಲಿ ಕ್ವಾಲಾಲಂಪುರದ ಬಳಿ, ನಾಯಿಯ ಭಯ ಕಳೆಯಲೆಂದು ‘ನಾಯಿಯನ್ನು ಮುಟ್ಟಬೇಕು’ ಎಂಬ ಹೆಸರಿನ ಕಾರ್ಯಕ್ರಮವನ್ನು ಮುಸ್ಲಿಂ ಯುವಕರೊಬ್ಬರೇ ಏರ್ಪಡಿಸಿದ್ದರು. ಮುಟ್ಟಿದ ಮೇಲೆ ಶಾಸ್ತ್ರೋಕ್ತವಾಗಿ ತೊಳೆದುಕೊಳ್ಳುವ ವಿಧಾನವನ್ನೂ ಅಲ್ಲಿ ಕಲಿಸಲಾಯಿತು. ನೂರಾರು ಜನ ಸಂತೋಷದಿಂದ ಬಂದರು; ನಂತರ ಸಂಘಟಕರಿಗೆ ಬೆದರಿಕೆಗಳೂ ಬಂದವು. ಶುದ್ಧಿಯ ನಿಯಮ ದ್ವೇಷದ ನಿಯಮವಲ್ಲ; ಬಾಯಾರಿದ ನಾಯಿಗೆ ನೀರು ಕೊಟ್ಟವರಿಗೆ ಪಾಪವಿಮೋಚನೆಯಾದ ಕಥೆಯೂ ಅದೇ ಪರಂಪರೆಯಲ್ಲಿದೆ. ಗೋವಿನ ಹೆಸರಿನಲ್ಲಿ ಬೀದಿಯ ಕೊಲೆಗಳನ್ನು ಕಂಡ ದೇಶದಿಂದ ಹೋದವರು, ಒಂದು ಪ್ರಾಣಿಯನ್ನು ಒಂದು ಸಮುದಾಯದ ಗುರುತಾಗಿಸುವ ರಾಜಕಾರಣ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಬಲ್ಲರು. ಹಗ್ಗವಿಲ್ಲದ ನಾಯಿಯನ್ನು ಕಂಡು ಹಿಂಜರಿಯುವ ಮಲಯ ಓಟಗಾರ್ತಿಯ ಆತಂಕವನ್ನು ಮತಾಂಧತೆಯೆಂದು ಕರೆಯುವುದೂ, ನಾಯಿ ಸಾಕಿದ ಚೀನೀ ನೆರೆಯವರನ್ನು ಅಶುದ್ಧರೆಂಬಂತೆ ನೋಡುವುದೂ ಒಂದೇ ತಪ್ಪಿನ ಎರಡು ಮುಖಗಳು. ಇಬ್ಬರಿಗೂ ಬೇಕಾದುದು ಒಂದೇ: ಕೈಯಲ್ಲಿ ಬಿಗಿಯಾದ ಹಗ್ಗ, ನಾಯಿಗೆ ಲಸಿಕೆ, ದಾರಿಯಲ್ಲಿ ದೀಪ.

ಈಗ ಬೇಲಿಯ ಮಾತು. ನಾಯಿಗೆ ಹೆದರಿ, ಕಾವಲಿರುವ ವಸತಿ ಸಮುಚ್ಚಯದ ಒಳಗೇ ಓಡುವ ಆಯ್ಕೆ ಅನೇಕ ಅನಿವಾಸಿಗಳಿಗೆ ಇದೆ. ಹೆದರಿದವರು ಒಳಗೆ ಓಡಿದರೆ ಅದು ತಪ್ಪಲ್ಲ. ಆದರೆ ಆ ಆಯ್ಕೆಯನ್ನೇ ಪರಿಹಾರವೆಂದು ಎಣಿಸಿದಾಗ, ಹೊರಗಿನ ಬೀದಿಯ ಬಗ್ಗೆ ಸ್ಥಳೀಯ ಸಂಸ್ಥೆಗೆ ದೂರು ಕೊಡುವ, ಪಟ್ಟು ಹಿಡಿಯುವ, ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲ ಜನರೆಲ್ಲ ಒಳಗೆ ಸೇರಿಕೊಂಡಂತಾಗುತ್ತದೆ. ಹೊರಗೆ ಉಳಿಯುವವರು ಯಾರು? ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮರಳುವ ಕಾರ್ಖಾನೆಯ ಕೆಲಸಗಾರ, ಬಸ್ ನಿಲ್ದಾಣಕ್ಕೆ ಕತ್ತಲಲ್ಲೇ ನಡೆಯುವ ಮನೆಗೆಲಸದಾಕೆ, ಏಳೂವರೆಯ ಶಾಲೆಗೆ ಸೂರ್ಯ ಹುಟ್ಟುವ ಮೊದಲೇ ಹೊರಡುವ ಮಕ್ಕಳು, ಗೇಟು ಕಾಯುವ ನೇಪಾಳಿ ಕಾವಲುಗಾರ. ಇವರಿಗೆ ದಾರಿ ಬದಲಿಸುವ ಸ್ವಾತಂತ್ರ್ಯವಿಲ್ಲ, ಹೊತ್ತು ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಓಟಗಾರನಿಗೆ ನಾಯಿ ಒಂದು ಹವ್ಯಾಸದ ಅಡ್ಡಿ. ಇವರಿಗೆ ಅದು ಕೂಲಿಯ ದಾರಿಯ ಅಡ್ಡಿ. ಬೇಲಿಯೊಳಗೆ ಕೊಂಡುಕೊಂಡ ಸುರಕ್ಷತೆ ಬೇಲಿಯ ಹೊರಗಿನ ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಅದರ ಬಗ್ಗೆ ಮಾತಾಡುವವರನ್ನು ಕಡಿಮೆ ಮಾಡುತ್ತದೆ.

ಅನಿವಾಸಿಗೆ ಮತದಾನದ ಹಕ್ಕಿಲ್ಲ ಎಂಬುದು ನಿಜ. ಅಲ್ಲಿನ ಪ್ರಜೆಗಳಿಗೂ ಸ್ಥಳೀಯ ಸಂಸ್ಥೆಗಳ ಚುನಾವಣೆಯಿಲ್ಲ. 1960ರ ದಶಕದಲ್ಲಿ ನಿಂತುಹೋದ ಆ ಚುನಾವಣೆಗಳು ಮಲೇಷ್ಯಾದಲ್ಲಿ ಮರಳಿಲ್ಲ. ನಾಯಿ, ಕಸ, ಬೀದಿದೀಪಗಳನ್ನು ನೋಡಿಕೊಳ್ಳುವ ಸಂಸ್ಥೆಯ ಸದಸ್ಯರು ನೇಮಕಗೊಂಡವರೇ ಹೊರತು ಆಯ್ಕೆಯಾದವರಲ್ಲ. ಆದ್ದರಿಂದಲೇ ನಿವಾಸಿಗಳ ಸಂಘ, ಓಟಗಾರರ ಗುಂಪು, ದೂರಿನ ಪತ್ರ ಇವುಗಳಿಗೆ ಅಲ್ಲಿ ಹೆಚ್ಚಿನ ತೂಕವಿದೆ. ಕೇಳಬೇಕಾದುವು ಸ್ಪಷ್ಟವಾಗಿವೆ. ನಿರ್ಮಾಣ ಪರವಾನಗಿ ಪಡೆಯುವ ಗುತ್ತಿಗೆದಾರ ತನ್ನ ನಾಯಿಗಳನ್ನು ನೋಂದಾಯಿಸಿ, ಲಸಿಕೆ ಮತ್ತು ಸಂತಾನಹರಣ ಮಾಡಿಸಿ, ಕೆಲಸ ಮುಗಿದ ಮೇಲೆ ಅವುಗಳಿಗೆ ನೆಲೆ ಕಾಣಿಸಬೇಕು. ಕಸ ಮುಚ್ಚಿದ ತೊಟ್ಟಿಯಲ್ಲಿರಬೇಕು. ನಾಯಿಗಳಿಗೆ ಅನ್ನ ಹಾಕುವವರು ನಡೆದಾಡುವ ದಾರಿಯಿಂದ ದೂರದಲ್ಲಿ, ನಿಗದಿತ ಜಾಗದಲ್ಲಿ ಹಾಕಬೇಕು. ಅದೇ ಜನ ಲಸಿಕೆಯ ತಂಡಕ್ಕೆ ನಾಯಿಗಳನ್ನು ಹಿಡಿದುಕೊಡುವ ಹೊಣೆಯನ್ನೂ ಹೊರಬೇಕು. ಕಚ್ಚಿಸಿಕೊಂಡವರಿಗೆ, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ, ರೇಬೀಸ್ ಲಸಿಕೆ ಉಚಿತವಾಗಿ ಸಿಗಬೇಕು. ಕರ್ನಾಟಕವು 2022ರ ಡಿಸೆಂಬರಿನಲ್ಲಿ ಮನುಷ್ಯರಿಗೆ ತಗಲುವ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಲೆಕ್ಕಕ್ಕೆ ಸಿಗದ ಸಾವಿಗೆ ಪರಿಹಾರವೂ ಸಿಗುವುದಿಲ್ಲ.

ಕನ್ನಡದ ನೆಲಕ್ಕೆ ನಾಯಿಯೊಡನೆ ಹಳೆಯ ನಂಟಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ಕಾಳಿ ಎಂಬ ಬೇಟೆನಾಯಿಯನ್ನು ನೆನೆಯುತ್ತದೆ. ಹಂದಿಯೊಡನೆ ಸೆಣಸಿ ಸತ್ತ ಆ ನಾಯಿಗಾಗಿ ಅದರ ಒಡೆಯ ಮಣಲೇರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಕಲ್ಲಿನಿಂದ ಇಂದಿನ ಓಟಗಾರ ಕಲಿಯಬಹುದಾದುದು ನಾಯಿಯನ್ನು ಪೂಜಿಸುವುದನ್ನಲ್ಲ. ತನ್ನ ಕೆಲಸಕ್ಕೆ ಬಳಸಿಕೊಂಡ ಪ್ರಾಣಿಯ ಹೊಣೆ ಅದು ಸತ್ತ ಮೇಲೂ ತನ್ನದೇ ಎಂದು ಅಂದಿನ ಒಬ್ಬ ಸೈನಿಕ ತಿಳಿದಿದ್ದ. ಕಟ್ಟಡ ಕಾಯಲು ನಾಯಿ ಇಟ್ಟುಕೊಂಡು, ಕಟ್ಟಡ ಮುಗಿದೊಡನೆ ಅದನ್ನು ಬೀದಿಗೆ ಬಿಟ್ಟುಹೋಗುವ ಗುತ್ತಿಗೆದಾರನಿಂದ ಅಷ್ಟನ್ನು ಬಯಸಬೇಕಿಲ್ಲ. ಪರವಾನಗಿಯ ಕಾಗದದಲ್ಲಿ ಒಂದು ಷರತ್ತು ಸೇರಿದರೆ, ಮತ್ತು ಅದು ಸೇರುವವರೆಗೆ ಬೇಲಿಯೊಳಗಿನವರು ಬೇಲಿಯ ಹೊರಗಿನ ಬೀದಿಯನ್ನು ತಮ್ಮದೆಂದು ಕೇಳುತ್ತಿದ್ದರೆ, ಬೆಳಗಿನ ಕತ್ತಲೆಯಲ್ಲಿ ಓಡುವವರಿಗಿಂತ ಮೊದಲು ನಡೆಯುವವರು ನಿಶ್ಚಿಂತರಾಗುತ್ತಾರೆ.